ಬಲಗಡೆಯ ಗೇರ್

ಸ್ಟೀರಿಂಗನ್ನು ಊಟದ ಮೇಜಿಗೆ ಬಿಗಿದ ದಿನದಿಂದ ಆ ಮನೆಯವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣತೊಡಗಿದರು. "ಎರಡೇ ದಿನ ಅಮ್ಮ, ಸರಿಯಾಗಿದ್ಯಾ ಅಂತ ನೋಡಿ ಅಂಗಡಿಗೆ ತಗೊಂಡು ಹೋಗ್ತೀನಿ," ಅಂದಿದ್ದ ಮಗ ಸಂಪಾ. ಅವನ ಎರಡು ದಿನ ಈಗ ಮೂರನೇ ವಾರಕ್ಕೆ ಕಾಲಿಟ್ಟಿತ್ತು. ಮೇಜಿನ ಒಂದು ತುದಿಗೆ ಟಿವಿ, ಇನ್ನೊಂದು ತುದಿಗೆ ವಿಡಿಯೋ ಗೇಮಿನ ಕಪ್ಪು ಸ್ಟೀರಿಂಗು, ಕೆಳಗೆ ಎರಡು ಪೆಡಲು, ಅದರ ಹಿಂದೆ ಕುರ್ಚಿಯಲ್ಲಿ ಮನೆಯ ಯಜಮಾನ.

ಯಜಮಾನನನ್ನು ತಾಮ್ರದ ಗಣಿಯ ಊರಾದ ಕಿಟ್ವೆಯ ಚಿಮ್ವೆಮ್ವೆ ಬಡಾವಣೆಯಲ್ಲಿ ಎಲ್ಲರೂ ಬಶಿ ಲುಬುಟೊ ಅನ್ನುತ್ತಿದ್ದರು, ಅಂದರೆ ಲುಬುಟೊಳ ಅಪ್ಪ. ಹೆಂಡತಿ ಬನಾ ಲುಬುಟೊ, ಲುಬುಟೊಳ ಅಮ್ಮ. ಮೊದಲ ಮಗು ಹುಟ್ಟಿದ ಮೇಲೆ ಸ್ವಂತ ಹೆಸರು ಗುರುತಿನ ಚೀಟಿಗೆ ಮಾತ್ರ. ಗಂಡ ಹೆಂಡತಿ ಜಗಳವಾಡುವಾಗಲೂ ಮಗಳ ಹೆಸರು ಹಿಡಿದೇ ಬೈದುಕೊಳ್ಳಬೇಕು. ಆ ಲುಬುಟೊ ಈಗ ಇಪ್ಪತ್ತೆಂಟರ ಶಾಲಾ ಮೇಡಂ. ಸಂಪಾ ಅವಳಿಗಿಂತ ಐದು ವರ್ಷ ಚಿಕ್ಕವನು.

ಬಶಿ ಲುಬುಟೊ ಇಪ್ಪತ್ತಾರು ವರ್ಷ ಕಿಟ್ವೆಯಿಂದ ರಾಜಧಾನಿ ಲುಸಾಕಾಕ್ಕೆ ಬಸ್ಸು ಓಡಿಸಿದವನು. ಎಂಟು ತಿಂಗಳ ಹಿಂದೆ ದಾರಿ ಮಧ್ಯದ ಕಪಿರಿ ಊರಲ್ಲಿ ಬಸ್ಸು ನಿಲ್ಲಿಸಿ ಚಹಾ ಕುಡಿಯುವಾಗ ಲೋಟ ಎಡಗೈಯಿಂದ ಜಾರಿತು. ಜಾರಿದ್ದು ಅವನಿಗೆ ಗೊತ್ತಾದದ್ದು ಪ್ಯಾಂಟು ಒದ್ದೆಯಾದ ಮೇಲೆ. ಲಕ್ವ. ಸೊಟ್ಟಗಾದ ಬಾಯಿ ತಿಂಗಳಲ್ಲಿ ನೆಟ್ಟಗಾಯಿತು, ಕಾಲು ನಾಲ್ಕು ತಿಂಗಳಲ್ಲಿ ದಾರಿಗೆ ಬಂತು. ಎಡಗೈ ಮಾತ್ರ ಅವನಿಗೇ ಕೈಕೊಟ್ಟಿತು. ಅದರಲ್ಲಿ ಬಲವಿತ್ತು, ಸ್ಪರ್ಶವಿರಲಿಲ್ಲ. ಕಣ್ಣಿಟ್ಟು ನೋಡುತ್ತಿದ್ದರೆ ಹಿಡಿದದ್ದನ್ನು ಹಿಡಿದಿರುತ್ತಿತ್ತು. ಕಣ್ಣು ಬೇರೆಡೆ ಹೋದರೆ ಬಿಟ್ಟುಬಿಡುತ್ತಿತ್ತು.

ಆಮೇಲೆ ಅವನು ಮಾತು ಬಿಟ್ಟ. ನ್ಸಿಮಾ ಎಂಬ ಮೆಕ್ಕೆಜೋಳದ ಮುದ್ದೆಯ ಉಂಡೆಯನ್ನು ಬಲಗೈಯಲ್ಲಿ ಹಿಸುಕುತ್ತಾ ಕೂತರೆ ಅದು ತಣ್ಣಗಾಗಿ ಕಲ್ಲಾಗುವವರೆಗೂ ಕೂತಿರುತ್ತಿದ್ದ. ಬನಾ ಲುಬುಟೊ ಮಾರುಕಟ್ಟೆಗೆ ಹೋಗಿ ಕಪೆಂಟ ಎಂಬ ಸಣ್ಣ ಒಣಮೀನು ಮಾರಿ ಬರುತ್ತಿದ್ದಳು, ಅವನ ಅಂಗಿಯ ಗುಂಡಿ ಹಾಕುತ್ತಿದ್ದಳು, ಅಡಿಗೆ ಮಾಡುತ್ತಿದ್ದಳು. ಅಳು ಬಂದಿರಲಿಲ್ಲ. ಅವಳಿಗೆ ಏನೂ ಅನ್ನಿಸುತ್ತಲೇ ಇರಲಿಲ್ಲ. ಇದನ್ನು ಹೊರಗೆ ಆಡಿದರೆ ಎಂಥ ಹೆಂಡತಿ ಅಂದಾರು ಅಂತ ಬಾಯಿ ಮುಚ್ಚಿಕೊಂಡಿದ್ದಳು.

ಅಷ್ಟರಲ್ಲಿ ಸ್ಟೀರಿಂಗು ಬಂತು. ಸಂಪಾ ಮೊಬೈಲು ರಿಪೇರಿ ಮಾಡುವವನು. ಅಂಗಡಿಯ ಹಿಂಭಾಗದಲ್ಲಿ ಎರಡು ಟಿವಿ ಇಟ್ಟು, ಬಂದವರಿಗೆ ಗಂಟೆಯ ಮೇಲೆ ಕಾರ್ ರೇಸು, ಫುಟ್‌ಬಾಲು ಆಡಿಸುತ್ತಿದ್ದ. ಗಣಿಯ ಎಂಜಿನಿಯರೊಬ್ಬ ಊರು ಬಿಡುವಾಗ ಇದನ್ನು ಅವನ ತಲೆಗೆ ಕಟ್ಟಿ ಹೋಗಿದ್ದ. ಸಂಪಾನ ಪ್ರಕಾರ ರೇಸಿಗೆ ಪ್ಯಾಡೇ ಸರಿ. ಎರಡು ಕೈಯಲ್ಲಿ ಹಿಡಿಯುವ ಆ ಮಾಮೂಲಿ ಡಬ್ಬಿ. ಎಡ ಹೆಬ್ಬೆರಳಲ್ಲಿ ಪುಟ್ಟ ಗುಬುಟನ್ನು ಆಚೀಚೆ ತಳ್ಳಿದರೆ ಕಾರು ತಿರುಗುತ್ತದೆ. ಸ್ಟೀರಿಂಗು ಏನಿದ್ದರೂ ಶೋಕಿಗೆ.

ಮೊದಲ ದಿನ ಮಗ ಸ್ಟೀರಿಂಗು ತಿರುಗಿಸಿ ಮೂರು ಸಲ ಮರಕ್ಕೆ ಗುದ್ದಿದ್ದನ್ನು ಬಶಿ ಲುಬುಟೊ ಸುಮ್ಮನೆ ನೋಡಿದ. ನಾಲ್ಕನೇ ಸಲ ಬಾಯಿಬಿಟ್ಟ.

"ಹಂಗಲ್ವೋ ಹಿಡಿಯೋದು."

ಆ ವಾರದಲ್ಲಿ ಅವನು ಆಡಿದ ಮೊದಲ ಮಾತು ಅದು. ಅಡಿಗೆಮನೆಯಲ್ಲಿದ್ದ ಬನಾ ಲುಬುಟೊ ಸೌಟು ಹಿಡಿದೇ ಬಾಗಿಲಿಗೆ ಬಂದಳು.

"ಹೆಂಗೆ ಮತ್ತೆ? ನೀವೇ ತೋರಿಸಿ," ಅಂದ ಸಂಪಾ.

"ಏಳು."

ಕೂತ. ಬಲಗೈ ಸ್ಟೀರಿಂಗಿನ ಮೇಲೆ ಹೋಯಿತು, ಕಾಲು ಪೆಡಲು ಒತ್ತಿತು, ಟಿವಿಯೊಳಗೆ ಎಂಜಿನು ಗುಟುರು ಹಾಕಿತು. ಗೇರ್ ಬದಲಿಸುವ ಹೊತ್ತಿಗೆ ಇಪ್ಪತ್ತಾರು ವರ್ಷದ ಅಭ್ಯಾಸ ಎಡ ಭುಜವನ್ನು ಎತ್ತಿತು. ಸತ್ತ ಕೈ ಬೀಸಿ ಹೋಗಿ, ಮೇಜಿನ ಮೇಲಿದ್ದ ಕುಂಬಳದ ಸೊಪ್ಪಿನ ಪಲ್ಯದ ಬಟ್ಟಲನ್ನು ನೆಲಕ್ಕೆ ಗುಡಿಸಿತು.

"ಗೇರ್ ಎಲ್ಲೋ?"

"ಬಲಗಡೆ ಅಪ್ಪ."

"ಬಲಗಡೆ ಬಾಗಿಲಿರುತ್ತೆ."

"ಇದು ಯೂರೋಪಿನವರಿಗೆ ಮಾಡಿದ್ದು. ಅವರು ಎಡಗಡೆ ಕೂತು ಓಡಿಸ್ತಾರೆ, ಗೇರ್ ಬಲಗೈಗೆ ಬರುತ್ತೆ. ಎಲ್ಲಾ ಒಂದೇ ತುಂಡು, ಈ ಕಡೆ ತಿರುಗಿಸೋಕೆ ಆಗಲ್ಲ."

"ಕ್ಲಚ್ಚು?"

"ಇಲ್ಲ."

"ಹಾಗಾದ್ರೆ ಎಡಗಾಲು ಏನು ಮಾಡ್ಬೇಕು? ಪ್ರಾರ್ಥನೆ ಮಾಡ್ಬೇಕಾ?"

ಸಂಪಾ ನಕ್ಕ. ಬನಾ ಲುಬುಟೊ ಚೆಲ್ಲಿದ ಪಲ್ಯ ಬಳಿದು, ಮೇಲಿನದನ್ನು ಉಳಿಸಿ, ಮಣ್ಣಾದದ್ದನ್ನು ಕೋಳಿಗೆ ಹಾಕಿದಳು. ಗಂಡ ಮಾತಾಡಿದ್ದು ಒಳ್ಳೆಯದೇ ಆಯಿತು ಅಂದುಕೊಂಡಳು. ಅನ್ನಿಸಲಿಲ್ಲ, ಅಂದುಕೊಂಡಳು ಅಷ್ಟೇ.

ಎರಡನೇ ವಾರಕ್ಕೆ ಅವನ ಬಲಗೈ ಎರಡು ಕೈಯ ಕೆಲಸ ಕಲಿತಿತ್ತು. ಅಂಗೈಯನ್ನು ಸ್ಟೀರಿಂಗಿನ ಮೇಲೆ ಒತ್ತಿ ಒಂದೇ ಸುತ್ತಿಗೆ ಪೂರಾ ತಿರುಗಿಸಿ, ಅದೇ ಕೈಯಲ್ಲಿ ಗೇರ್ ಎಳೆದು, ಮತ್ತೆ ಸ್ಟೀರಿಂಗಿಗೆ ಮರಳುತ್ತಿದ್ದ. ಎಡಗೈ ಸ್ಟೀರಿಂಗಿನ ಕೆಳಗೆ ಲೆಕ್ಕಕ್ಕುಂಟು, ಆಟಕ್ಕಿಲ್ಲ ಅನ್ನುವ ಹಾಗೆ ಬಿದ್ದಿರುತ್ತಿತ್ತು. ಕೆಸರಿನ ಗುಡ್ಡದ ದಾರಿಯಲ್ಲಿ ಮಗನ ಸ್ನೇಹಿತರನ್ನೆಲ್ಲ ಒಬ್ಬೊಬ್ಬರನ್ನಾಗಿ ಸೋಲಿಸಿದ. ಎರಡು ಉಂಡೆ ಹೆಚ್ಚು ಉಣ್ಣತೊಡಗಿದ. ಒಂದೇ ಹಠ: ಪ್ಯಾಡನ್ನು ಮುಟ್ಟುತ್ತಿರಲಿಲ್ಲ.

"ಅದರಲ್ಲೊಂದು ಸಲ ಬನ್ನಿ ಅಪ್ಪ, ನಿಮ್ಮನ್ನ ಎರಡು ಸುತ್ತು ಹಿಂದೆ ಹಾಕ್ತೀನಿ," ಸಂಪಾ ಕೆಣಕುತ್ತಿದ್ದ.

"ಹೆಬ್ಬೆರಳಲ್ಲಿ ಲುಸಾಕಾ ಮುಟ್ಟಿದವರನ್ನ ನಾನು ಕಂಡಿಲ್ಲ."

"ರೇಸಲ್ಲಿ ಗೆಲ್ಲೋರೆಲ್ಲ ಪ್ಯಾಡಿನವರೇ. ಸ್ಟೀರಿಂಗನ್ನ ಅಷ್ಟು ತಿರುಗಿಸೋದ್ರೊಳಗೆ ಹೆಬ್ಬೆರಳು ಮೂರು ತಿರುವು ದಾಟಿರುತ್ತೆ."

"ಗೆಲ್ಲೋದು ಬೇರೆ, ಓಡಿಸೋದು ಬೇರೆ. ನಿನ್ನ ಡಬ್ಬೀಲಿ ರಸ್ತೆ ಎಲ್ಲಿದೆ? ಸ್ಟೀರಿಂಗ್ ಹಿಡಿದರೆ ಕಲ್ಲು ಸಿಕ್ಕಿದ್ದು ಕೈಗೆ ಗೊತ್ತಾಗ್ಬೇಕು."

ಯಾವ ಕೈಗೆ ಅಂತ ಬನಾ ಲುಬುಟೊ ಕೇಳಲಿಲ್ಲ.

ಮನೆಯಲ್ಲಿ ಕರೆಂಟು ಇರುತ್ತಿದ್ದದ್ದು ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗೆ. ಅದಕ್ಕೆ ಮುಂಗಡವಾಗಿ ದುಡ್ಡು ತುಂಬಿಸುತ್ತಿದ್ದವಳು ಲುಬುಟೊ. ಒಂದು ಗಂಟೆಗೆ ಶಾಲೆಯಿಂದ ಬಂದವಳು ಮೀಟರು ನೋಡಿ, ಆಮೇಲೆ ಅಪ್ಪನನ್ನು ನೋಡಿ, ಚೀಲವನ್ನು ನೆಲಕ್ಕೆ ಕುಕ್ಕಿದಳು.

"ಒಂದು ತಿಂಗಳಿಗೆ ಹಾಕಿದ್ದು ಹನ್ನೆರಡು ದಿನಕ್ಕೇ ಮುಗೀತಾ ಬಂದಿದೆ. ನನ್ನ ಬಟ್ಟೆ ಇಸ್ತ್ರಿಗೆ ಕರೆಂಟಿಲ್ಲ, ಇವರ ರೇಸಿಗಿದೆ."

"ಸ್ವಲ್ಪ ಮೆಲ್ಲಗೆ ಮಾತಾಡು," ಅಂದಳು ತಾಯಿ.

"ಯಾಕೆ ಮೆಲ್ಲಗೆ? ಮೇಜಿಲ್ಲ, ಮಕ್ಕಳ ಪುಸ್ತಕ ತಿದ್ದೋಕೆ ಹಾಸಿಗೆ ಮೇಲೆ ಕೂರ್ತೀನಿ. ಕೈ ವ್ಯಾಯಾಮಕ್ಕೆ ಅಂತ ಕ್ಲಿನಿಕ್ಕಿಂದ ಒಂದು ಚೆಂಡು ಕೊಟ್ಟಿದ್ದರಲ್ಲ, ಅದೆಲ್ಲಿ?"

"ಚೆಂಡು ಹಿಸುಕೋಕೆ ನಾನೇನು ಎಳೆ ಮಗುವಾ?" ಅಂದ ಅಪ್ಪ, ಟಿವಿಯಿಂದ ಕಣ್ಣು ಕೀಳದೆ. "ಬಾಗಿಲಲ್ಲಿ ನಿಲ್ಲಬೇಡ ಮಗಾ, ಬೆಳಕಿಗೆ ಅಡ್ಡ."

ಲುಬುಟೊ ಮುಖ ಊದಿಸಿಕೊಂಡು ಒಳಗೆ ಹೋದಳು. ಸಂಪಾ ಸಂಜೆ ಅವಳ ಫೋನಿಗೆ ಸ್ವಲ್ಪ ದುಡ್ಡು ಕಳಿಸಿ ಸಮಾಧಾನ ಮಾಡಿದ. ಅವಳು ಅದನ್ನು ವಾಪಸು ಕಳಿಸಿ, ಬೆಳಿಗ್ಗೆ ಮತ್ತೆ ತರಿಸಿಕೊಂಡಳು.

ಮೂರನೇ ವಾರದ ಬುಧವಾರ ಮಧ್ಯಾಹ್ನ ಬನಾ ಲುಬುಟೊ ಹಿತ್ತಲಲ್ಲಿ ಮೀನು ಆರಿಸುತ್ತಿದ್ದಳು. ಪಕ್ಕದಲ್ಲಿ ಇದ್ದಿಲಿನ ಒಲೆ, ಒಲೆಯ ಆಚೆ ಸಣ್ಣ ಮಣೆಯ ಮೇಲೆ ಗಂಡ, ಚಹಾಕ್ಕೆ ಕಾಯುತ್ತಾ. ಏನೋ ಸೀದ ವಾಸನೆ ಬಂತು. ಮೀನಿರಬೇಕು ಅಂತ ಅವಳು ಮೊದಲು ಮೊರ ನೋಡಿದಳು. ಆಮೇಲೆ ನೋಡಿದರೆ ಅವನ ಎಡ ಮುಂಗೈ ಒಲೆಯ ಅಂಚಿನ ಮೇಲಿತ್ತು. ಅವನು ಬೇಲಿಯಾಚೆ ಹೋಗುತ್ತಿದ್ದ ಲಾರಿಯನ್ನು ನೋಡುತ್ತಿದ್ದ. ಅವಳು ಮೊಣಕೈ ಹಿಡಿದು ಎಳೆದಳು.

"ಏನು?" ಅಂದ. ಆಮೇಲೆ ಕೈ ನೋಡಿಕೊಂಡ.

ಅವಳು ತಣ್ಣೀರು ತಂದು ಸುರಿದಳು, ಹಳೇ ಬಟ್ಟೆ ಸುತ್ತಿದಳು. ಅವನು ಬೇರೆ ಯಾರದೋ ಕೈ ಕಟ್ಟುತ್ತಿದ್ದಾರೆ ಅನ್ನುವ ಹಾಗೆ ಕೂತಿದ್ದ.

"ಮಕ್ಕಳಿಗೆ ಹೇಳಬೇಡ."

"ಇಲ್ಲ."

"ಶನಿವಾರ ಮುಬಂಗಾ ಬರ್ತಾನೆ. ನಾನೇ ಫೋನ್ ಮಾಡಿದ್ದೆ. ಒಂದು ಕೋಳಿ ಕೊಯ್ಯಿ."

ಮುಬಂಗಾ ಬಸ್ಸಿನ ಮಾಲೀಕ. ಯಾಕೆ ಬರುತ್ತಾನೆ ಅಂತ ಅವಳು ಕೇಳಬೇಕಾಗಿರಲಿಲ್ಲ.

"ಕೈಗೆ ಸ್ಪರ್ಶ ಬರೋವರೆಗೂ ಓಡಿಸಬಾರದು ಅಂತ ಡಾಕ್ಟರು ಹೇಳಿದ್ದಾರೆ," ಅಂದಳು.

"ಡಾಕ್ಟರು ಬಸ್ಸು ಓಡಿಸಿದ್ದಾನಾ? ಗುಡ್ಡದ ದಾರೀನ ಒಂದು ಕೈಯಲ್ಲಿ ಓಡಿಸ್ತಿಲ್ವಾ ನಾನು? ದಿನಾ ನೋಡ್ತಿದ್ದೀಯಲ್ಲ."

"ಅದರ ಗೇರ್ ಬಲಗಡೆ ಇದೆ, ಬಶಿ ಲುಬುಟೊ. ನಿಮ್ಮ ಬಸ್ಸಿಂದು ಎಡಗಡೆ."

ಅವನು ಚಹಾ ಕುಡಿದು, ಎದ್ದು ಒಳಗೆ ಹೋಗಿ, ಉದ್ದ ತೋಳಿನ ಅಂಗಿ ಹಾಕಿಕೊಡು ಅಂತ ಅಲ್ಲಿಂದಲೇ ಕೂಗಿದ.

ಶುಕ್ರವಾರದ ಹೊತ್ತಿಗೆ ವಿಷಯ ಮಗಳ ಕಿವಿಗೂ ಬಿತ್ತು. ಅವಳು ಕೋಳಿಯ ಪುಕ್ಕ ತರಿಯುತ್ತಿದ್ದ ತಾಯಿಯ ಎದುರು ಕುಕ್ಕರುಗಾಲಲ್ಲಿ ಕೂತಳು.

"ಅಪ್ಪ ಮತ್ತೆ ಬಸ್ಸಿಗೆ ಹೋಗ್ತಾರಂತೆ. ನೀನು ಕೋಳಿ ಮಾಡ್ತಿದ್ದೀಯ."

"ಅತಿಥಿ ಬಂದ್ರೆ ಸೊಪ್ಪು ಹಾಕ್ಲಾ?"

"ಅರವತ್ತು ಜನ ಕೂತಿರ್ತಾರಮ್ಮ ಅದರಲ್ಲಿ."

"ನನಗ್ಯಾಕೆ ಹೇಳ್ತೀಯ, ನಿಮ್ಮಪ್ಪನಿಗೆ ಹೇಳು."

"ನೀನು ಹೇಳಿದ್ರೆ ಕೇಳ್ತಾರೆ."

"ಮೂವತ್ತು ವರ್ಷದಲ್ಲಿ ನಾನು ಹೇಳಿದ್ದು ಅವರು ಒಂದೇ ಸಲ ಕೇಳಿದ್ದು. ಮದುವೆ ಮಾಡ್ಕೊ ಅಂದಾಗ."

ಲುಬುಟೊ ನಗಲಿಲ್ಲ. "ಅವರ ಕೈ ನಿಜವಾಗ್ಲೂ ಸರಿಯಾಗಿದ್ಯಾ?"

ಬನಾ ಲುಬುಟೊ ಪುಕ್ಕ ಕೀಳುತ್ತಲೇ ಇದ್ದಳು. ಈ ಮನುಷ್ಯ ಏಳು ತಿಂಗಳು ಗೋಡೆ ನೋಡುತ್ತಾ ಕೂತಿದ್ದ. ಈಗ ನಗುತ್ತಾನೆ, ಬೈಯುತ್ತಾನೆ, ಉಪ್ಪು ಕಡಿಮೆ ಅನ್ನುತ್ತಾನೆ. ಇಲ್ಲ ಅಂದರೆ ಅವನು ಮತ್ತೆ ಗೋಡೆಗೆ ಹೋಗುತ್ತಾನೆ. ಹೌದು ಅಂದರೆ ಬಸ್ಸಿಗೆ ಹೋಗುತ್ತಾನೆ. ಎರಡರಲ್ಲಿ ಯಾವುದು ತನಗೆ ಬೇಕು ಅಂತ ಒಳಗೆ ಹುಡುಕಿದಳು. ಒಳಗೆ ಏನೂ ಸಿಗಲಿಲ್ಲ.

"ನೀರು ಕುದೀತಿದೆಯಾ ನೋಡು," ಅಂದಳು.

ಶನಿವಾರ ಮಧ್ಯಾಹ್ನ ಎರಡಕ್ಕೆ ಮುಬಂಗಾ ಬಂದ. ದಪ್ಪ ಆಳು, ಬಾಗಿಲಿಂದಲೇ ನಗುತ್ತಾ ಬರುವವನು. ಎಲ್ಲರೂ ಮರ್ಯಾದೆಗೆ ಮೊಣಕಾಲು ಬಗ್ಗಿಸಿ, ಅಂಗೈ ಗುಳಿ ಮಾಡಿ ಮೆಲ್ಲಗೆ ಚಪ್ಪಾಳೆ ತಟ್ಟಿದರು. ಬಶಿ ಲುಬುಟೊ ಬಲಗೈಯನ್ನು ಎದೆಗೆ ಒತ್ತಿ ತಲೆ ಬಾಗಿಸಿದ, ಅಷ್ಟೇ. ಮುಬಂಗಾ ಅದನ್ನು ಗಮನಿಸಲಿಲ್ಲ, ಇಲ್ಲವೇ ಗಮನಿಸಿಯೂ ಹೊಟ್ಟೆಗೆ ಹಾಕಿಕೊಂಡ.

"ಎಲ್ಲಿ, ಊರೆಲ್ಲ ಹೇಳ್ತಿದೆ, ನೀನು ಮನೇಲೇ ಬಸ್ಸು ಓಡಿಸ್ತೀಯಂತೆ. ತೋರಿಸು."

ಬಶಿ ಲುಬುಟೊ ತೋರಿಸಿದ. ಅವತ್ತಿನ ಹಾಗೆ ಅವನು ಯಾವತ್ತೂ ಓಡಿಸಿರಲಿಲ್ಲ. ತಿರುವು ಬರುವ ಮೊದಲೇ ಭುಜ ವಾಲುತ್ತಿತ್ತು, ಬಲಗೈ ಗೇರಿಗೂ ಸ್ಟೀರಿಂಗಿಗೂ ನಡುವೆ ಓಡಾಡುತ್ತಿತ್ತು, ಒಂದು ಕಲ್ಲಿಗೂ ಚಕ್ರ ತಾಗಲಿಲ್ಲ. ಕೋಳಿ ಸಾರಿನ ಪಾತ್ರೆ ಹಿಡಿದು ನಿಂತಿದ್ದ ಬನಾ ಲುಬುಟೊಗೆ ಒಂದು ಗಳಿಗೆ ಹಳೆಯ ಗಂಡ ಕಂಡ. ಅವನು ಚೆನ್ನಾಗಿದ್ದ.

"ಅದೇ ಕೈ," ಅಂದ ಮುಬಂಗಾ ತೊಡೆ ತಟ್ಟಿ. "ಈಗಿರೋನು ಬ್ರೇಕನ್ನ ಹೊಲಿಗೆ ಮೆಷೀನ್ ಹಾಗೆ ತುಳೀತಾನೆ. ಜನ ವಾಂತಿ ಮಾಡ್ಕೊಂಡು ಇಳೀತಾರೆ. ಸೋಮವಾರ ಬೆಳಿಗ್ಗೆ ನೀನೇ ತಗೊಂಡು ಹೋಗು." ಜೇಬಿನಿಂದ ಕೀ ತೆಗೆದು ಮೇಜಿನ ಮೇಲಿಟ್ಟ.

"ಡಾಕ್ಟರ ಕಾಗದ ಇನ್ನೂ ಬಂದಿಲ್ಲ," ಅಂದಳು ಲುಬುಟೊ.

"ಕಣ್ಣಾರೆ ಕಂಡಿದ್ದಕ್ಕೆ ಕಾಗದ ಯಾಕೆ, ಮೇಡಂ? ಏಳಯ್ಯಾ, ನಾನೊಂದು ಕೈ ನೋಡ್ತೀನಿ."

"ಇಬ್ಬರೂ ಒಟ್ಟಿಗೇ ಓಡಿಸಬಹುದು," ಅಂದ ಸಂಪಾ ಉತ್ಸಾಹದಿಂದ. ಅವನಿಗೆ ಏನೂ ಗೊತ್ತಿರಲಿಲ್ಲ, ಪಾಪ. "ನಿಮಗೆ ಸ್ಟೀರಿಂಗು, ಅಪ್ಪನಿಗೆ ಪ್ಯಾಡು."

"ಆ ಮಕ್ಕಳಾಟಿಕೆ ನನಗೆ ಬೇಡ."

"ಮಾಲೀಕನ ಜೊತೆ ಓಡೋಕೆ ಭಯವಾ?" ಮುಬಂಗಾ ಆಗಲೇ ಕುರ್ಚಿಯಲ್ಲಿ ತುಂಬಿಕೊಂಡಿದ್ದ.

"ಅಡಿಗೆ ಆಯ್ತಾ, ಬನಾ ಲುಬುಟೊ?" ಅಂದ ಗಂಡ. ಅವಳನ್ನೇ ನೋಡಿ ಅಂದ.

ಅಡಿಗೆ ಆಗಿತ್ತು. ನ್ಸಿಮಾ ಮುಚ್ಚಿಟ್ಟು ಹತ್ತು ನಿಮಿಷವಾಗಿತ್ತು. ಆಯಿತು ಅಂದಿದ್ದರೆ ಎಲ್ಲರೂ ಕೈ ತೊಳೆಯಲು ಏಳುತ್ತಿದ್ದರು, ಉಂಡು ಮುಗಿಸುವುದರೊಳಗೆ ಕರೆಂಟು ಹೋಗುತ್ತಿತ್ತು, ಕೀ ಮೇಜಿನ ಮೇಲೇ ಇರುತ್ತಿತ್ತು.

"ಇನ್ನೂ ಸ್ವಲ್ಪ ಹೊತ್ತಿದೆ," ಅಂದಳು.

ಸಾರಿನ ಪಾತ್ರೆ ಕೆಳಗಿಟ್ಟಳು. ಸಂಪಾನ ಕೈಯಿಂದ ಪ್ಯಾಡು ತೆಗೆದುಕೊಂಡಳು. ಗಂಡನ ಮುಂದೆ ಮೊಣಕಾಲೂರಿ, ಮದುವೆಯಾದಂದಿನಿಂದ ಅವನಿಗೆ ನೀರು ಕೊಟ್ಟ ಹಾಗೆ, ಎರಡು ಕೈಯಲ್ಲಿ ಹಿಡಿದು ನೀಡಿದಳು. ಅತಿಥಿಯ ಎದುರು ಹೆಂಡತಿ ಹಾಗೆ ನೀಡಿದ್ದನ್ನು ಗಂಡ ಒಲ್ಲೆ ಅನ್ನುವ ಹಾಗಿಲ್ಲ. ಒಂದು ಕೈಯಲ್ಲಿ ತೆಗೆದುಕೊಳ್ಳುವ ಹಾಗೂ ಇಲ್ಲ. ಅವನು ಅವಳ ಮುಖ ನೋಡಿದ. ಆಮೇಲೆ ತನ್ನ ಎಡಗೈಯನ್ನು ನೋಡಿ, ಅದನ್ನು ಎತ್ತಿ, ಎರಡೂ ಕೈಯಲ್ಲಿ ತೆಗೆದುಕೊಂಡ.

ಟಿವಿ ಎರಡು ಭಾಗವಾಯಿತು. ಮೇಲೆ ಮುಬಂಗಾನ ಕಾರು ಕುಡಿದವನ ಹಾಗೆ ಆಚೀಚೆ ಹೋಗುತ್ತಿತ್ತು. ಕೆಳಗೆ ಬಶಿ ಲುಬುಟೊನ ಕಾರು ನೆಟ್ಟಗೆ ಹೋಗಿ ಮೊದಲ ತಿರುವಿನ ಗೋಡೆಗೆ ಗುದ್ದಿತು.

"ಮಾಲೀಕ ಅಂತ ಸೋಲ್ತಿದ್ದೀಯಾ?" ಮುಬಂಗಾ ನಕ್ಕ.

ಸಂಪಾ ಕಾರನ್ನು ಮತ್ತೆ ದಾರಿಗೆ ತಂದುಕೊಟ್ಟ. "ಎಡ ಹೆಬ್ಬೆರಳು ಅಪ್ಪ. ಸ್ವಲ್ಪ ತಳ್ಳಿ ಸಾಕು."

ಬಶಿ ಲುಬುಟೊ ಹೆಬ್ಬೆರಳನ್ನು ನೋಡಿದ. ಹೆಬ್ಬೆರಳು ತಳ್ಳಿತು. ಅವನು ಹೆಬ್ಬೆರಳನ್ನು ನೋಡುತ್ತಿದ್ದ ಹೊತ್ತಿನಲ್ಲಿ ಕಾರು ಹಳ್ಳಕ್ಕಿಳಿಯಿತು. ತಲೆ ಎತ್ತಿ ರಸ್ತೆ ನೋಡಿದ. ಹೆಬ್ಬೆರಳು ನಿಂತುಹೋಯಿತು, ಕಾರು ಗೋಡೆಗೆ ಹೋಯಿತು. ಮತ್ತೆ ಹೆಬ್ಬೆರಳು, ಮತ್ತೆ ಹಳ್ಳ. ಮತ್ತೆ ರಸ್ತೆ, ಮತ್ತೆ ಗೋಡೆ. ನಾಲ್ಕನೇ ಸಲ ಎಡಗೈ ಪ್ಯಾಡಿನಿಂದ ಜಾರಿ ತೊಡೆಯ ಮೇಲೆ ಬಿತ್ತು. ಅವನು ರಸ್ತೆಯನ್ನೇ ನೋಡುತ್ತಾ, ಭುಜ ವಾಲಿಸುತ್ತಾ, ಇನ್ನೂ ತಿರುಗಿಸುತ್ತಿದ್ದೇನೆ ಅಂದುಕೊಂಡೇ ಇದ್ದ.

ಮುಬಂಗಾ ಸ್ಟೀರಿಂಗು ಬಿಟ್ಟು ತೊಡೆಯ ಮೇಲೆ ಬಿದ್ದಿದ್ದ ಆ ಕೈಯನ್ನು ನೋಡಿದ. ಅಂಗಿಯ ತೋಳು ಸರಿದು ಸುಟ್ಟ ಗಾಯಕ್ಕೆ ಸುತ್ತಿದ ಬಟ್ಟೆ ಕಾಣುತ್ತಿತ್ತು. ಅವನ ನಗು ಎಲ್ಲಿ ನಿಂತಿತೋ ಅವನಿಗೇ ಗೊತ್ತಾಗಿರಲಿಕ್ಕಿಲ್ಲ. ಸಂಪಾ ಅಕ್ಕನ ಕಡೆ ನೋಡಿದ. ಅಕ್ಕ ನೆಲ ನೋಡುತ್ತಿದ್ದಳು.

"ಊಟ ಹಾಕಮ್ಮ," ಅಂದ ಮುಬಂಗಾ. ಏಳುವಾಗ ಕೀಯನ್ನು ಸದ್ದಾಗದ ಹಾಗೆ ಜೇಬಿಗೆ ಹಾಕಿಕೊಂಡ.

ಎಲ್ಲರೂ ಉಂಡರು. ಕೋಳಿಯ ಹೊಟ್ಟೆಭಾಗವನ್ನು ಪದ್ಧತಿಯಂತೆ ಯಜಮಾನನ ತಟ್ಟೆಗೆ ಹಾಕಿದ್ದರು. ಅವನು ಅದನ್ನು ಮುಬಂಗಾನ ತಟ್ಟೆಗೆ ಎತ್ತಿಹಾಕಿದ. ಕೈ ಸರಿಯಾಗಲಿ, ಬಸ್ಸು ಎಲ್ಲಿಗೂ ಓಡಿಹೋಗಲ್ಲ ಅಂತ ಮುಬಂಗಾ ಎರಡು ಸಲ ಹೇಳಿದ. ಮೂರು ಗಂಟೆಗೆ ಕರೆಂಟು ಹೋಯಿತು, ಅವನೂ ಹೋದ.

ಸಂಪಾ ಮಾರನೆಯ ದಿನ ಸ್ಟೀರಿಂಗು ಬಿಚ್ಚಿ ಅಂಗಡಿಗೆ ಒಯ್ದ. ಯಾರೂ ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಬಶಿ ಲುಬುಟೊ ಹೆಂಡತಿಯ ಜೊತೆ ಮಾತು ನಿಲ್ಲಿಸಿದ. ಉಪ್ಪು ಬೇಕಾದರೆ, "ಸಂಪಾ, ಉಪ್ಪು ಬೇಕಂತ ನಿಮ್ಮಮ್ಮನಿಗೆ ಹೇಳು," ಅನ್ನುತ್ತಿದ್ದ. ಅಮ್ಮ ಒಂದು ಮೊಳ ದೂರದಲ್ಲಿ ಕೂತಿರುತ್ತಿದ್ದಳು. ಗುಂಡಿ ಹಾಕಿಸಿಕೊಳ್ಳುವಾಗ ಮುಖ ಆಚೆ ತಿರುಗಿಸುತ್ತಿದ್ದ. ಅವಳಿಗೆ ಅದರಿಂದ ನೋವಾಗಬೇಕಿತ್ತು. ಆಗುತ್ತಿಲ್ಲವಲ್ಲ ಅಂತ ಅವಳಿಗೆ ಸಣ್ಣಗೆ ಹೆದರಿಕೆಯಾಯಿತು, ಅಷ್ಟೇ. ಹೀಗೇ ಹದಿನಾರು ದಿನ.

ಹದಿನೇಳನೆಯ ದಿನ ಮೀನು ಮುಗಿದಿತ್ತು. ಲುಸಾಕಾಕ್ಕೆ ಹೋಗಿ ಎರಡು ಮೂಟೆ ತರಬೇಕಿತ್ತು. ಅವಳು ಹಿತ್ತಲಲ್ಲಿ ಖಾಲಿ ಚೀಲಗಳನ್ನು ಮಡಿಸಿ ಒಂದೇ ದೊಡ್ಡ ಚೀಲಕ್ಕೆ ತುರುಕುತ್ತಿದ್ದಳು. ಅವನು ಬಂದು ಹಿಂದೆ ನಿಂತ.

"ಯಾವ ಬಸ್ಸು?"

ತನ್ನನ್ನೇ ಕೇಳಿದ್ದಾ ಅಂತ ಅವಳು ತಿರುಗಿ ನೋಡಿದಳು. ಅಲ್ಲಿ ಬೇರೆ ಯಾರೂ ಇರಲಿಲ್ಲ.

"ಮುಬಂಗಾದೇ."

"ಆ ಬ್ರೇಕು ತುಳಿಯೋನಾ?"

"ಹೂಂ."

ಅವನು ಖಾಲಿ ಚೀಲವೊಂದನ್ನು ಕಾಲಲ್ಲಿ ಅವಳತ್ತ ಸರಿಸಿದ. "ಆ ಸೋಮವಾರ ನಾನೇ ಬಸ್ಸು ತಗೊಂಡು ಹೋಗಿದ್ರೆ ನೀನು ಹತ್ತುತ್ತಿದ್ದೆಯಾ? ಎಲ್ಲಾ ಗೊತ್ತಿದ್ದೂ?"

"ಹತ್ತುತ್ತಿದ್ದೆ. ನಿಮ್ಮ ಹಿಂದಿನ ಸೀಟಲ್ಲೇ ಕೂರ್ತಿದ್ದೆ."

"ಮತ್ತೆ ಆ ಪ್ಯಾಡನ್ನ ಯಾಕೆ ಕೊಟ್ಟೆ?"

"ಹತ್ತುತ್ತಿದ್ದೆ, ಅದಕ್ಕೇ ಕೊಟ್ಟೆ."

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೆ ಎಂಟು ತಿಂಗಳಲ್ಲಿ ಮೊದಲ ಸಲ ಏನೋ ಬಂದು ಎದೆಗೆ ತಾಗಿತ್ತು, ಮತ್ತು ಅದು ನೋಯುತ್ತಿತ್ತು. ಅವಳು ಕಣ್ಣೊರೆಸಿಕೊಳ್ಳದೆ ಚೀಲ ತುಂಬುತ್ತಾ ಹೋದಳು. ಬಶಿ ಲುಬುಟೊ ಕಷ್ಟಪಟ್ಟು ಅವಳ ಎದುರು ಕೂತ. ಬಲಗೈಯಲ್ಲಿ ಚೀಲದ ಬಾಯನ್ನು ಒಟ್ಟು ಮಾಡಿ ಹಿಡಿದ. ಅವಳು ದಾರ ಸುತ್ತಿ ಗಂಟು ಹಾಕಿದಳು.